ಗುಡಿಯ ಜಗಳವೋ, ಗದ್ದುಗೆಯ ಜಗಳವೋ?

ಪ್ರಶ್ನೆ: ಜೆರುಸಲೆಂ, ಅಯೋಧ್ಯೆ, ಥಾಯ್ಲೆಂಡ್–ಕಾಂಬೋಡಿಯಾ ಗಡಿಯ ಗುಡಿ... ಎಲ್ಲಿ ನೋಡಿದರೂ ಪವಿತ್ರ ಸ್ಥಳವೊಂದರ ಸುತ್ತ ರಕ್ತ ಹರಿದಿದೆ. ಇದಕ್ಕೆ ಧರ್ಮವೇ ಮೂಲವೇ, ಅಥವಾ ರಾಜಕಾರಣಿಗಳು ಧರ್ಮವನ್ನು ನೆಪ ಮಾಡಿಕೊಳ್ಳುತ್ತಾರೆಯೇ? ಇಂಥ ಜಾಗಗಳನ್ನು ಯಾರಿಗೂ ಕೊಡದೆ ಮ್ಯೂಸಿಯಂ ಮಾಡಿಬಿಟ್ಟರೆ, ಇಲ್ಲವೇ ವಿಶ್ವಸಂಸ್ಥೆಗೆ ಒಪ್ಪಿಸಿಬಿಟ್ಟರೆ ಜಗಳ ನಿಲ್ಲುವುದಿಲ್ಲವೇ?

ಉತ್ತರ: ನಿಮ್ಮ ಪಟ್ಟಿಯ ಕೊನೆಯಲ್ಲಿರುವ ಗುಡಿಯನ್ನೇ ಮೊದಲು ತೆಗೆದುಕೊಳ್ಳೋಣ. ಧರ್ಮದ ಪಾಲೆಷ್ಟು, ರಾಜಕಾರಣದ ಪಾಲೆಷ್ಟು ಎಂದು ಬೇರ್ಪಡಿಸಿ ನೋಡಲು ಅದಕ್ಕಿಂತ ಅನುಕೂಲದ ಉದಾಹರಣೆ ಸಿಗುವುದು ಕಷ್ಟ.

ಪ್ರೀಹ್ ವಿಹಾರ್ ಖಮೇರ್ ಅರಸರ ಕಾಲದ ಶಿವಾಲಯ. ಡಾಂಗ್ರೆಕ್ ಬೆಟ್ಟಸಾಲಿನ ಅಂಚಿನಲ್ಲಿ, ಕೆಳಗೆ ಕಾಂಬೋಡಿಯಾದ ಬಯಲು ಕಾಣುವಂತೆ ನಿಂತಿದೆ. ಇವತ್ತು ಗಡಿಯ ಎರಡೂ ಬದಿಯಲ್ಲಿರುವವರು ಬಹುಪಾಲು ಥೇರವಾದಿ ಬೌದ್ಧರು. ಅಲ್ಲಿ ಶಿವನಿಗೆ ಯಾರು ಪೂಜೆ ಮಾಡಬೇಕೆಂಬ ತಕರಾರೇ ಇಲ್ಲ. ತಕರಾರು ನಕ್ಷೆಯದು. ಸಯಾಮ್ (ಇಂದಿನ ಥಾಯ್ಲೆಂಡ್) ಮತ್ತು ಆಗ ಕಾಂಬೋಡಿಯಾವನ್ನು ಆಳುತ್ತಿದ್ದ ಫ್ರೆಂಚರ ನಡುವಿನ 1904ರ ಒಪ್ಪಂದದ ಪ್ರಕಾರ ಗಡಿ ಬೆಟ್ಟದ ಜಲವಿಭಾಜಕ ರೇಖೆಯ ಮೇಲೆ ಸಾಗಬೇಕಿತ್ತು. 1907ರಲ್ಲಿ ಫ್ರೆಂಚ್ ಅಧಿಕಾರಿಗಳು ಬರೆದ ನಕ್ಷೆ ಗುಡಿಯನ್ನು ಕಾಂಬೋಡಿಯಾ ಕಡೆಗೆ ತೋರಿಸಿತು. ಸಯಾಮ್ ದಶಕಗಳ ಕಾಲ ಆಕ್ಷೇಪ ಎತ್ತಲಿಲ್ಲ. ಆ ಮೌನವನ್ನೇ ಮುಖ್ಯವಾಗಿ ಹಿಡಿದು ಅಂತರರಾಷ್ಟ್ರೀಯ ನ್ಯಾಯಾಲಯ 1962ರ ಜೂನ್ 15ರಂದು 9–3 ಬಹುಮತದಲ್ಲಿ ಗುಡಿಯನ್ನು ಕಾಂಬೋಡಿಯಾಕ್ಕೆ ಕೊಟ್ಟಿತು. ಸುತ್ತಲಿನ ಸುಮಾರು 4.6 ಚದರ ಕಿಲೋಮೀಟರ್ ಜಾಗದ ಮಾತು ಇತ್ಯರ್ಥವಾಗದೆ ಉಳಿಯಿತು.

ಆಮೇಲೆ ಹಲವು ದಶಕ ಈ ಗುಡಿಯ ಒಡೆತನ ಅಂಥ ದೊಡ್ಡ ಸುದ್ದಿಯೇನೂ ಆಗಲಿಲ್ಲ. 2008ರ ಜುಲೈನಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಹೊತ್ತಿಗೆ ಬ್ಯಾಂಕಾಕ್‌ನಲ್ಲಿ ಸರ್ಕಾರವನ್ನು ಕೆಳಗಿಳಿಸಲು ಹೊರಟಿದ್ದ ಹಳದಿ ಅಂಗಿಯವರ ಚಳವಳಿಗೆ ‘ದೇಶದ ನೆಲ ಮಾರಿಬಿಟ್ಟರು’ ಎಂಬ ಕೂಗು ಕೈಗೆ ಸಿಕ್ಕಿತು. ವಿದೇಶಾಂಗ ಸಚಿವರು ರಾಜೀನಾಮೆ ಕೊಡಬೇಕಾಯಿತು. ಮುಂದಿನ ಮೂರು ವರ್ಷ ಎರಡೂ ಸೈನ್ಯಗಳು ಬಿಟ್ಟು ಬಿಟ್ಟು ಗುಂಡು ಹಾರಿಸಿಕೊಂಡವು. ನ್ಯಾಯಾಲಯ 2013ರಲ್ಲಿ ಮತ್ತೊಮ್ಮೆ ತನ್ನ ತೀರ್ಪನ್ನು ವಿವರಿಸಬೇಕಾಯಿತು. 2025ರ ಜುಲೈನಲ್ಲಿ ಅದೇ ಗಡಿಯಲ್ಲಿ ಐದು ದಿನ ಯುದ್ಧವೇ ನಡೆದು ಲಕ್ಷಾಂತರ ಜನ ಮನೆ ಬಿಟ್ಟು ಓಡಿದರು.

ಧರ್ಮಭೇದವೇ ಇಲ್ಲದ ಕಡೆಯಲ್ಲೂ ಗುಡಿಯೊಂದರ ಹೆಸರಿನಲ್ಲಿ ಯುದ್ಧ ನಡೆಯಬಲ್ಲದು ಎಂಬುದಕ್ಕೆ ಇಷ್ಟು ಸಾಕು. ಆದರೆ ‘ಹಾಗಾದರೆ ಧರ್ಮ ಬರೀ ನೆಪ’ ಎಂದು ಇಲ್ಲಿಗೇ ಮುಗಿಸಿದರೆ ಅದೂ ತಪ್ಪಾಗುತ್ತದೆ. ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಪವಿತ್ರ ಸ್ಥಳ ಜಗಳವನ್ನು ಹುಟ್ಟಿಸುವುದು ಅಪರೂಪ, ಬೇರೆ ಕಾರಣಕ್ಕೆ ಹುಟ್ಟಿದ ಜಗಳ ಅಲ್ಲಿಗೆ ಬಂದು ಕೂತರೆ ಅದನ್ನು ಎಬ್ಬಿಸುವುದು ಮಾತ್ರ ಬಲು ಕಷ್ಟ. ಅಲ್ಲಿ ನೆತ್ತರು ಹರಿಯುತ್ತದೋ ಇಲ್ಲವೋ ಎಂಬುದನ್ನು ಶಾಸ್ತ್ರಗ್ರಂಥಗಳಿಗಿಂತ ಹೆಚ್ಚಾಗಿ ತೀರ್ಮಾನಿಸುವುದು ಉಸ್ತುವಾರಿಯ ವ್ಯವಸ್ಥೆ. ಬೀಗದ ಕೈ ಯಾರ ಬಳಿ ಇದೆ, ಯಾವ ಹೊತ್ತು ಯಾರದು, ದುರಸ್ತಿ ಯಾರು ಮಾಡಿಸುತ್ತಾರೆ, ಬಾಗಿಲಲ್ಲಿ ನಿಂತ ಪೊಲೀಸ್ ಯಾರ ಮಾತು ಕೇಳುತ್ತಾನೆ, ಇವು ಮುಖ್ಯ.

ಅಂಕಿ ಅಂಶಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. ಅಮೆರಿಕದ ರಾಜಕೀಯ ವಿಜ್ಞಾನಿಗಳಾದ ಜೇಮ್ಸ್ ಫಿಯರನ್ ಮತ್ತು ಡೇವಿಡ್ ಲೈಟಿನ್ 1945ರಿಂದ 1999ರವರೆಗಿನ ಅಂತರ್ಯುದ್ಧಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ದೇಶದಲ್ಲಿ ಎಷ್ಟು ಧರ್ಮಗಳಿವೆ, ಎಷ್ಟು ಜನಾಂಗಗಳಿವೆ ಎಂಬುದರಿಂದ ಅಲ್ಲಿ ಯುದ್ಧವಾಗುತ್ತದೋ ಇಲ್ಲವೋ ಎಂದು ಊಹಿಸಲಾಗುವುದಿಲ್ಲ ಎಂದು ಕಂಡುಬಂತು. ಬಡತನ, ಬಲವಿಲ್ಲದ ಸರ್ಕಾರ, ಅಡಗಿ ಕಾದಲು ಅನುಕೂಲವಾದ ಗುಡ್ಡಗಾಡು ಹೆಚ್ಚು ಸುಳಿವು ಕೊಡುತ್ತವೆ. ಇನ್ನೊಂದು ಕಡೆ ಸ್ವೀಡನ್ನಿನ ಸಂಶೋಧಕ ಇಸಾಕ್ ಸ್ವೆನ್ಸನ್ ಯುದ್ಧ ಹುಟ್ಟುವುದರ ಬದಲು ಯುದ್ಧ ಮುಗಿಯುವುದನ್ನು ನೋಡಿದರು. ಎರಡು ಪಕ್ಷಗಳ ಧರ್ಮ ಬೇರೆಬೇರೆ ಇದ್ದ ಮಾತ್ರಕ್ಕೆ ಸಂಧಾನ ಕಷ್ಟವಾಗುವುದಿಲ್ಲ. ಕೇಳುತ್ತಿರುವ ಬೇಡಿಕೆಯೇ ಧಾರ್ಮಿಕವಾಗಿದ್ದರೆ ಸಂಧಾನದ ಸಾಧ್ಯತೆ ಇಳಿಯುತ್ತದೆ. ಈ ಎರಡು ಫಲಿತಾಂಶಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ. ‘ಎಲ್ಲವೂ ಧರ್ಮದಿಂದ’ ಎನ್ನುವವರು ಮೊದಲನೆಯದನ್ನು ಮರೆಯುತ್ತಾರೆ, ‘ಧರ್ಮಕ್ಕೆ ಸಂಬಂಧವೇ ಇಲ್ಲ’ ಎನ್ನುವವರು ಎರಡನೆಯದನ್ನು.

ಉತ್ತರ ಐರ್ಲೆಂಡಿನಲ್ಲಿ ಪಕ್ಷಗಳ ಧರ್ಮ ಬೇರೆ ಇತ್ತು, ಬೇಡಿಕೆ ಧಾರ್ಮಿಕವಾಗಿರಲಿಲ್ಲ. ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಎಂಬ ಹೆಸರುಗಳಲ್ಲಿ ಮೂರು ದಶಕ ಕಾದಾಡಿದರೂ ಪೋಪ್ ಅಧಿಕಾರದ ಬಗ್ಗೆಯಾಗಲಿ ಪ್ರಸಾದದ ತತ್ವದ ಬಗ್ಗೆಯಾಗಲಿ ಯಾರೂ ಬೇಡಿಕೆ ಮಂಡಿಸಲಿಲ್ಲ. ಪ್ರಶ್ನೆ ಇದ್ದದ್ದು ಯಾವ ದೇಶಕ್ಕೆ ಸೇರಬೇಕು, ಮನೆ ಮತ್ತು ಕೆಲಸ ಯಾರಿಗೆ ಸಿಗಬೇಕು ಎಂಬುದು. ಹಾಗಾಗಿಯೇ 1998ರ ಏಪ್ರಿಲ್ 10ರ ಒಪ್ಪಂದದಲ್ಲಿ ಅಧಿಕಾರ ಹಂಚಿಕೆಯ ಲೆಕ್ಕಾಚಾರದಿಂದ ಮುಂದೆ ಹೋಗಲು ಸಾಧ್ಯವಾಯಿತು.

ಜೆರುಸಲೆಂನಲ್ಲಿ ಆ ಲೆಕ್ಕಾಚಾರ ನಡೆಯುವುದಿಲ್ಲ. ಏಕೆ ಎಂಬುದನ್ನು ತುಸು ನಿಧಾನವಾಗಿ ನೋಡಬೇಕು.

ಹೊಲವನ್ನು ಭಾಗ ಮಾಡಬಹುದು, ನದಿ ನೀರನ್ನು ಪಾಲು ಹಾಕಬಹುದು, ಕಳೆದುಕೊಂಡ ಮನೆಗೆ ಪರಿಹಾರ ಕೊಡಬಹುದು. ಪವಿತ್ರ ಸ್ಥಳದ ಎಲ್ಲೆ ಮೊದಲೇ ನಿಗದಿಯಾಗಿರುತ್ತದೆ, ಅದಕ್ಕೆ ಬದಲಿ ಇರುವುದಿಲ್ಲ, ಒಡೆದರೆ ಅದು ಅದಾಗಿ ಉಳಿಯುವುದಿಲ್ಲ. 2000ದ ಜುಲೈನಲ್ಲಿ ಕ್ಯಾಂಪ್ ಡೇವಿಡ್‌ನಲ್ಲಿ ಇಸ್ರೇಲ್ ಪ್ರಧಾನಿ ಬರಾಕ್ ಮತ್ತು ಪ್ಯಾಲೆಸ್ಟೀನಿಯರ ನಾಯಕ ಅರಾಫತ್ ಕೂತಾಗ, ಮುಸ್ಲಿಮರು ಹರಮ್ ಅಲ್-ಶರೀಫ್ ಎಂದೂ ಯಹೂದಿಗಳು ಟೆಂಪಲ್ ಮೌಂಟ್ ಎಂದೂ ಕರೆಯುವ ಜೆರುಸಲೆಂ ದಿಬ್ಬದ ಮೇಲ್ಭಾಗ ಒಬ್ಬರಿಗೆ, ನೆಲದಡಿಯ ಭಾಗ ಇನ್ನೊಬ್ಬರಿಗೆ ಎಂಬ ಸೂತ್ರದವರೆಗೂ ಮಾತು ಹೋಯಿತು. ಮುರಿದುಬಿದ್ದ ಕಾರಣಗಳಲ್ಲಿ ಅದೂ ಒಂದು. ಅಯೋಧ್ಯೆಯ ಜಾಗವನ್ನು 2010ರ ಸೆಪ್ಟೆಂಬರ್ 30ರಂದು ಅಲಹಾಬಾದ್ ಹೈಕೋರ್ಟ್ ಮೂರು ಪಾಲು ಮಾಡಿತು. ಪಾಲು ಬೇಕೆಂದು ಯಾರೂ ಕೇಳಿರಲೇ ಇಲ್ಲ. ಎಲ್ಲರೂ ಮೇಲ್ಮನವಿ ಹಾಕಿದರು, 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಇಲ್ಲಿ ದುಡ್ಡಿನ ಆಮಿಷ ಕೆಲಸ ಮಾಡುವುದಿಲ್ಲ ಅಷ್ಟೇ ಅಲ್ಲ, ಕೆಡಿಸುತ್ತದೆ. ಸಂಶೋಧಕರಾದ ಜೆರೆಮಿ ಗಿಂಜಸ್, ಸ್ಕಾಟ್ ಅಟ್ರಾನ್ ಮತ್ತು ಸಂಗಡಿಗರು ಇಸ್ರೇಲಿ ವಲಸೆ ನೆಲೆಗಳವರನ್ನೂ ಪ್ಯಾಲೆಸ್ಟೀನಿಯರನ್ನೂ ಕೇಳಿ 2007ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ಪವಿತ್ರವೆಂದು ನಂಬಿದ್ದನ್ನು ಬಿಟ್ಟುಕೊಟ್ಟರೆ ಹಣ ಸಿಗುತ್ತದೆ ಎಂದಾಗ ಜನರ ಸಿಟ್ಟು, ಹಿಂಸೆಗೆ ಬೆಂಬಲ ಎರಡೂ ಏರಿದವು. ಎದುರು ಪಕ್ಷದವರೂ ತಮಗೆ ಪವಿತ್ರವಾದ ಒಂದನ್ನು ಬಾಯಿಮಾತಿನಲ್ಲಾದರೂ ಬಿಟ್ಟುಕೊಡುತ್ತಾರೆ ಎಂದಾಗ ಇಳಿದವು. ಸಂಧಾನಕ್ಕೆ ಕೂರುವ ಅಧಿಕಾರಿಗಳು ಪದೇ ಪದೇ ಎಡವುವುದು ಇಲ್ಲೇ. ಪರಿಹಾರದ ಮೊತ್ತ ಏರಿಸಿದರೆ ಒಪ್ಪಿಯಾರು ಎಂದುಕೊಳ್ಳುತ್ತಾರೆ. ಕೇಳಿಸಿಕೊಳ್ಳುವವರಿಗೆ ಅದು ‘ನಿಮ್ಮ ತಾಯಿಗೆ ಬೆಲೆ ಕಟ್ಟಿ’ ಎಂದಂತೆ ಕೇಳುತ್ತದೆ.

ಆದರೂ ಒಂದು ಎಚ್ಚರಿಕೆ. ‘ಭಾಗವಾಗದು’ ಎಂಬ ಈ ಗುಣ ಕಲ್ಲಿನಲ್ಲಿ ಕೊರೆದು ಬಂದದ್ದಲ್ಲ, ಕಾಲಕ್ಕೆ ತಕ್ಕಂತೆ ಬಿಗಿಯಾಗುತ್ತದೆ, ಸಡಿಲವಾಗುತ್ತದೆ. 1967ರ ಜೂನ್‌ನಲ್ಲಿ ಇಸ್ರೇಲಿ ಸೈನ್ಯ ಜೆರುಸಲೆಂ ಹಳೆ ನಗರವನ್ನು ಹಿಡಿದಾಗ ರಕ್ಷಣಾ ಸಚಿವ ಮೋಶೆ ದಯಾನ್ ದಿಬ್ಬದ ಮೇಲೆ ಏರಿಸಿದ್ದ ಇಸ್ರೇಲಿ ಬಾವುಟವನ್ನು ಇಳಿಸಲು ಹೇಳಿ, ಒಳಗಿನ ಆಡಳಿತವನ್ನು ಮುಸ್ಲಿಂ ವಕ್ಫ್ ಕೈಯಲ್ಲೇ ಬಿಟ್ಟರು. ಯಹೂದಿಗಳು ನೋಡಲು ಹೋಗಬಹುದು, ಪ್ರಾರ್ಥನೆಗೆ ದಿಬ್ಬದ ಬುಡದ ಪಶ್ಚಿಮ ಗೋಡೆ. ಇದಕ್ಕೆ ಬೆಂಬಲವಾಗಿ ನಿಂತದ್ದು ಯಾರು ಗೊತ್ತೇ? ಯಹೂದಿ ಮುಖ್ಯ ರಬ್ಬಿಗಳು. ಶುದ್ಧಿಯ ವಿಧಿ ಈಗ ಸಾಧ್ಯವಿಲ್ಲದ ಕಾರಣ ಆ ದಿಬ್ಬಕ್ಕೆ ಕಾಲಿಡುವುದೇ ನಿಷಿದ್ಧ ಎಂದು ಅವರು ಫಲಕ ಹಾಕಿಸಿದರು. ಧರ್ಮಶಾಸ್ತ್ರವೇ ದಶಕಗಳ ಕಾಲ ಜಗಳಕ್ಕೆ ಬೇಲಿಯಾಗಿತ್ತು. ಮುಂದೆ ಆ ನಿಷೇಧವನ್ನು ಒಪ್ಪದ ರಬ್ಬಿಗಳು, ದಿಬ್ಬದ ಮೇಲೆ ಪ್ರಾರ್ಥನೆಯ ಹಕ್ಕು ಕೇಳುವ ರಾಜಕಾರಣಿಗಳು ಹೆಚ್ಚಾದರು, ಬೇಲಿ ಸಡಿಲಾಯಿತು. ‘ಧರ್ಮ ಹೆಚ್ಚಾದಷ್ಟೂ ಜಗಳ ಹೆಚ್ಚು’ ಎಂಬ ಸಲೀಸು ಸೂತ್ರಕ್ಕೆ ಇದಕ್ಕಿಂತ ಒಳ್ಳೆಯ ತಿದ್ದುಪಡಿ ನನಗೆ ಗೊತ್ತಿಲ್ಲ.

ಜಗಳ ಇಂಥ ಜಾಗಕ್ಕೆ ಹೇಗೆ ಬಂದು ಕೂರುತ್ತದೆ ಎಂಬುದಕ್ಕೆ ಪಂಚಾಂಗ ನೋಡಬೇಕು. ದೇವರ ಪಂಚಾಂಗವಲ್ಲ, ಚುನಾವಣೆಯದು.

ಅಯೋಧ್ಯೆಯಲ್ಲಿ ಮಹಂತ ರಘುಬರ ದಾಸರು ಬಾಬರಿ ಮಸೀದಿಯ ಹೊರ ಅಂಗಳದ ಚಬೂತರದ (ಜಗಲಿಯ) ಮೇಲೆ ಗುಡಿ ಕಟ್ಟಲು ಅನುಮತಿ ಕೇಳಿ ದಾವೆ ಹೂಡಿದ್ದು 1885ರಲ್ಲಿ. ಅದು ವಜಾ ಆಯಿತು. 1949ರ ಡಿಸೆಂಬರ್ 22ರ ರಾತ್ರಿ ಮಸೀದಿಯೊಳಗೆ ವಿಗ್ರಹಗಳನ್ನು ಇಡಲಾಯಿತು. ಬೀಗ ಬಿತ್ತು, ದಾವೆಗಳು ಬಿದ್ದವು, ಮೂರೂವರೆ ದಶಕ ಅದು ಫೈಜಾಬಾದಿನ ಕೋರ್ಟಿನ ಒಂದು ಕಡತವಾಗಿತ್ತು. 1986ರ ಫೆಬ್ರವರಿ 1ರಂದು ಜಿಲ್ಲಾ ನ್ಯಾಯಾಧೀಶರ ಆದೇಶದ ಬೆನ್ನಿಗೇ ಬೀಗ ತೆಗೆಯಲಾಯಿತು. ಅದೇ ವರ್ಷ, ವಿಚ್ಛೇದಿತ ಮುಸ್ಲಿಂ ಮಹಿಳೆಗೆ ಜೀವನಾಂಶ ಕೊಡಿಸಿದ್ದ ಶಾಬಾನೊ ತೀರ್ಪನ್ನು ಬದಿಗಿಡುವ ಕಾಯ್ದೆಯೂ ಸಂಸತ್ತಿನಲ್ಲಿ ಪಾಸಾಯಿತು. 1989ರ ನವೆಂಬರ್‌ನಲ್ಲಿ, ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ, ಶಿಲಾನ್ಯಾಸ. 1990ರ ಆಗಸ್ಟ್‌ನಲ್ಲಿ ವಿ.ಪಿ. ಸಿಂಗ್ ಹಿಂದುಳಿದವರ ಮೀಸಲಾತಿಯ ಮಂಡಲ ವರದಿ ಜಾರಿಯ ಘೋಷಣೆ ಮಾಡಿದರೆ ಸೆಪ್ಟೆಂಬರ್ 25ರಂದು ಸೋಮನಾಥದಿಂದ ಬಿಜೆಪಿಯ ರಥಯಾತ್ರೆ ಹೊರಟಿತು. 1984ರಲ್ಲಿ 2 ಸ್ಥಾನ ಗೆದ್ದಿದ್ದ ಬಿಜೆಪಿ 1989ರಲ್ಲಿ 85, 1991ರಲ್ಲಿ 120 ಗೆದ್ದಿತು. 1992ರ ಡಿಸೆಂಬರ್ 6ರಂದು ಕಟ್ಟಡ ನೆಲಕ್ಕುರುಳಿತು. ದೇಶದುದ್ದಕ್ಕೂ ಗಲಭೆಗಳಲ್ಲಿ ಸುಮಾರು 2,000 ಜನ ಸತ್ತರು. ಭಕ್ತರ ನಂಬಿಕೆ ಈ ನೂರು ವರ್ಷದಲ್ಲಿ ಸುಳ್ಳಾಗಿತ್ತು ಎಂದಲ್ಲ, 1885ರಲ್ಲೂ ಅದು ನಿಜವೇ. ನಂಬಿಕೆ ಬಹುಪಾಲು ಹಾಗೇ ಇತ್ತು. ಬದಲಾದದ್ದು ಅದರಿಂದ ಯಾರಿಗೆ ಏನು ಸಿಗುತ್ತದೆ ಎಂಬುದು. ಒಂದು ಪಕ್ಷದ ಸರ್ಕಾರವಿದ್ದಾಗ ಬೀಗ ತೆಗೆಯಿತು, ಇನ್ನೊಂದು ಪಕ್ಷ ರಥ ಹೊರಡಿಸಿತು ಎಂಬುದನ್ನೂ ಗಮನಿಸಿ: ಈ ಆಟದಲ್ಲಿ ಒಬ್ಬರೇ ಆಟಗಾರರಿರುವುದು ಕಡಿಮೆ.

ಯುಗೊಸ್ಲಾವಿಯಾದಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ. ಒಟ್ಟೊಮನ್ನರ ವಿರುದ್ಧದ 1389ರ ಕೊಸೊವೊ ಕದನದಲ್ಲಿ ಸತ್ತ ಸರ್ಬಿಯಾದ ದೊರೆ ಲಾಜರನ ಅಸ್ಥಿಯನ್ನು ಸರ್ಬಿಯನ್ ಚರ್ಚು ಊರೂರು ಮೆರವಣಿಗೆ ಮಾಡಿಸಿತು. 1989ರ ಜೂನ್ 28ರಂದು, ಕದನದ 600ನೇ ವರ್ಷಕ್ಕೆ, ಗಾಜಿಮೆಸ್ತಾನ್ ಬಯಲಿನಲ್ಲಿ ಬೃಹತ್ ಜನಸ್ತೋಮದ ಮುಂದೆ ನಿಂತು ಭಾಷಣ ಮಾಡಿದವರು ಸ್ಲೊಬೊದಾನ್ ಮಿಲೊಸೆವಿಚ್, ಕಮ್ಯುನಿಸ್ಟ್ ಪಕ್ಷದೊಳಗಿಂದ ಮೇಲೆ ಬಂದ ಸರ್ಬಿಯಾದ ನಾಯಕ. ದೇವರಿಲ್ಲ ಎನ್ನುವ ಪಕ್ಷದವರಿಗೂ ಪವಿತ್ರ ನೆಲ ಬೇಕಾಗುತ್ತದೆ.

ಜಾಗಕ್ಕಾಗಿ ಶುರುವಾದ ಯುದ್ಧ ಎಂದು ಪಠ್ಯಪುಸ್ತಕಗಳಲ್ಲಿ ಬರುವುದು 1853–56ರ ಕ್ರೈಮಿಯಾ ಯುದ್ಧ. ಬೆತ್ಲೆಹೆಮ್‌ನ ಚರ್ಚಿನಲ್ಲಿ ಕ್ರಿಸ್ತ ಹುಟ್ಟಿದ ಜಾಗವನ್ನು ಸೂಚಿಸುವ ಬೆಳ್ಳಿ ನಕ್ಷತ್ರ 1847ರಲ್ಲಿ ಕಾಣೆಯಾಯಿತು. ಲ್ಯಾಟಿನ್ (ಕ್ಯಾಥೊಲಿಕ್) ಮತ್ತು ಗ್ರೀಕ್ (ಆರ್ಥೊಡಾಕ್ಸ್) ಸನ್ಯಾಸಿಗಳು ಒಬ್ಬರ ಮೇಲೊಬ್ಬರು ದೂರಿದರು. ಫ್ರಾನ್ಸಿನ ಮೂರನೇ ನೆಪೋಲಿಯನ್ನನಿಗೆ ಮನೆಯೊಳಗೆ ಕ್ಯಾಥೊಲಿಕರ ಬೆಂಬಲ ಬೇಕಿತ್ತು. ರಷ್ಯದ ತ್ಸಾರ್ ಒಂದನೇ ನಿಕೊಲಾಸ್ ಕೇಳಿದ್ದು ಬರೀ ಚರ್ಚಿನ ಹಕ್ಕುಗಳನ್ನಲ್ಲ, ಒಟ್ಟೊಮನ್ ಸಾಮ್ರಾಜ್ಯದ ಇಡೀ ಆರ್ಥೊಡಾಕ್ಸ್ ಪ್ರಜೆಗಳ ಮೇಲಿನ ರಕ್ಷಣಾಧಿಕಾರವನ್ನು. ಯುದ್ಧದಲ್ಲಿ ಲಕ್ಷಗಟ್ಟಲೆ ಸೈನಿಕರು ಸತ್ತರು. ಅದು ಮುಗಿದ ಮೇಲೆ ಚರ್ಚುಗಳಲ್ಲಿ ಏನು ಬದಲಾಯಿತು? ಏನೂ ಇಲ್ಲ. ಸುಲ್ತಾನ 1852ರಲ್ಲಿ ಫರ್ಮಾನು ಹೊರಡಿಸಿ ಇರುವಂತೆಯೇ ಇರಲಿ ಎಂದಿದ್ದ ವ್ಯವಸ್ಥೆ ಹಾಗೇ ಮುಂದುವರಿಯಿತು, 1878ರ ಬರ್ಲಿನ್ ಒಪ್ಪಂದ ಅದಕ್ಕೆ ಮುದ್ರೆ ಒತ್ತಿತು, ಇವತ್ತಿಗೂ ಅದೇ ನಡೆಯುತ್ತಿದೆ.

ಆ ಯಥಾಸ್ಥಿತಿಯ ಒಳಹೂರಣವನ್ನು ನೋಡಿದರೆ ಉಸ್ತುವಾರಿ ಎಂದು ನಾನು ಏಕೆ ಒತ್ತಿ ಹೇಳುತ್ತಿದ್ದೇನೆಂಬುದು ತಿಳಿಯುತ್ತದೆ. ಜೆರುಸಲೆಂನ ಪವಿತ್ರ ಸಮಾಧಿ ಚರ್ಚು ಗ್ರೀಕ್ ಆರ್ಥೊಡಾಕ್ಸ್, ಫ್ರಾನ್ಸಿಸ್ಕನ್ (ಕ್ಯಾಥೊಲಿಕ್), ಅರ್ಮೇನಿಯನ್, ಕಾಪ್ಟ್ (ಈಜಿಪ್ಟಿನವರು), ಸಿರಿಯಕ್, ಇಥಿಯೋಪಿಯನ್ ಎಂಬ ಆರು ಪಂಥಗಳಿಗೆ ಸೇರಿದ್ದು. ಬಾಗಿಲಿನ ಬೀಗದ ಕೈ ಶತಮಾನಗಳಿಂದ ಜೂದೆ ಮತ್ತು ನುಸೈಬೆ ಎಂಬ ಎರಡು ಮುಸ್ಲಿಂ ಮನೆತನಗಳ ಬಳಿ: ಒಬ್ಬರು ಕೈ ಇಟ್ಟುಕೊಳ್ಳುತ್ತಾರೆ, ಇನ್ನೊಬ್ಬರು ಬಾಗಿಲು ತೆರೆಯುತ್ತಾರೆ. ಯಾವ ಮೆಟ್ಟಿಲನ್ನು ಯಾರು ಗುಡಿಸಬೇಕು, ಯಾವ ದೀಪ ಯಾರದು, ಯಾವ ಗಂಟೆಗೆ ಯಾರ ಪೂಜೆ ಎಂಬುದೆಲ್ಲ ನಿಗದಿ. ಗುಡಿಸುವುದು, ದೀಪ ಹಚ್ಚುವುದು, ಕಲ್ಲು ಬದಲಿಸುವುದು ಸೇವೆಯಷ್ಟೇ ಅಲ್ಲ, ಒಡೆತನದ ದಾಖಲೆಯೂ ಹೌದು. ಇಂದು ನಾನು ಗುಡಿಸಿದ ಮೆಟ್ಟಿಲು ನಾಳೆ ನನ್ನದೆಂದು ವಾದಿಸಬಹುದು. ಅದಕ್ಕೇ ಮುಂಬಾಗಿಲ ಮೇಲಿನ ಕಿಟಕಿಗೆ ಒರಗಿಸಿಟ್ಟ ಮರದ ಏಣಿಯನ್ನು ಹದಿನೆಂಟನೇ ಶತಮಾನದಿಂದ ಯಾವ ಪಂಥದವರೂ ಅಲ್ಲಿಂದ ತೆಗೆದುಹಾಕಿಲ್ಲ. 2002ರಲ್ಲಿ ಚಾವಣಿಯ ಮೇಲೆ ಕಾಪ್ಟ್ ಸನ್ಯಾಸಿಯೊಬ್ಬರು ಬಿಸಿಲೆಂದು ತಮ್ಮ ಕುರ್ಚಿಯನ್ನು ನೆರಳಿಗೆ ಸರಿಸಿಕೊಂಡರು. ಇಥಿಯೋಪಿಯನ್ನರಿಗೆ ಅದು ಅತಿಕ್ರಮಣವಾಗಿ ಕಂಡು ಹೊಡೆದಾಟದಲ್ಲಿ 11 ಜನ ಆಸ್ಪತ್ರೆ ಸೇರಿದರು.

ನಗು ಬರುತ್ತದೆ ನಿಜ. ಆದರೆ ಇದೇ ವ್ಯವಸ್ಥೆ ಆರು ಪಂಥಗಳನ್ನು ಒಂದೇ ಚಾವಣಿಯಡಿ ಒಂದೂಮುಕ್ಕಾಲು ಶತಮಾನ ಕೂರಿಸಿದೆ. ಮುಷ್ಟಿ ಹೊಡೆದಾಟ ಆಗಿದೆ, ಯುದ್ಧವಾಗಿಲ್ಲ. ಅದರ ಬೆಲೆಯೂ ಇದೆ. ಸಮಾಧಿಯ ಮೇಲಿನ ಪುಟ್ಟ ಮಂಟಪ ಬೀಳದಂತೆ ಆಗ ಅಲ್ಲಿ ಆಳುತ್ತಿದ್ದ ಬ್ರಿಟಿಷರು 1947ರಲ್ಲಿ ಕಬ್ಬಿಣದ ತೊಲೆಗಳನ್ನು ಕಟ್ಟಿದ್ದರು. ಯಾರು ರಿಪೇರಿ ಮಾಡಬೇಕೆಂಬ ಒಮ್ಮತ ಬರದೆ ಸುಮಾರು 70 ವರ್ಷ ಅದು ಹಾಗೇ ನಿಂತಿತ್ತು. 2015ರಲ್ಲಿ ಕಟ್ಟಡ ಅಪಾಯಕಾರಿ ಎಂದು ಪೊಲೀಸರು ಕೆಲವು ಗಂಟೆ ಬಾಗಿಲು ಹಾಕಿಸಿದ ಮೇಲೆ ಮೂರು ದೊಡ್ಡ ಪಂಥಗಳು ಒಪ್ಪಿಕೊಂಡವು. 2017ರ ಮಾರ್ಚ್‌ನಲ್ಲಿ ಕೆಲಸ ಮುಗಿಯಿತು.

ಉಸ್ತುವಾರಿ ಎಲ್ಲಿ ಮುರಿಯುತ್ತದೆ ಎಂಬುದರಲ್ಲಿ ಒಂದು ಬಗೆಯ ಏಕತಾನತೆ ಇದೆ, ಅಷ್ಟು ಮರುಕಳಿಸುತ್ತದೆ. ಸಣ್ಣ ಸಾಮಾನು ಒಂದು ಕಾರಣ. 1928ರ ಸೆಪ್ಟೆಂಬರ್‌ನಲ್ಲಿ ಯಹೂದಿಗಳ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ದಿನ ಪಶ್ಚಿಮ ಗೋಡೆಯೆದುರಿನ ಇಕ್ಕಟ್ಟಾದ ಓಣಿಯಲ್ಲಿ ಗಂಡಸರನ್ನೂ ಹೆಂಗಸರನ್ನೂ ಬೇರ್ಪಡಿಸಲು ಯಹೂದಿಗಳು ಒಂದು ತೆರೆ ನಿಲ್ಲಿಸಿದರು. ಇಂದು ತೆರೆ, ನಾಳೆ ಗೋಡೆ, ನಾಡಿದ್ದು ಪ್ರಾರ್ಥನಾಲಯ ಎಂದು ಮುಸ್ಲಿಮರು ದೂರಿದರು. ಬ್ರಿಟಿಷ್ ಪೊಲೀಸರು ಪ್ರಾರ್ಥನೆಯ ನಡುವೆಯೇ ಅದನ್ನು ಕಿತ್ತುಹಾಕಿದರು. ಒಂದು ವರ್ಷ ಎರಡೂ ಕಡೆ ಪ್ರಚಾರ ನಡೆಯಿತು. 1929ರ ಆಗಸ್ಟ್‌ನ ಗಲಭೆಯಲ್ಲಿ 133 ಯಹೂದಿಗಳೂ 116 ಅರಬರೂ ಸತ್ತರು. ತೆರೆಯ ಹಿಂದೆ ವಲಸೆಯ, ಭೂಮಿಯ, ಬ್ರಿಟಿಷರು ಯಾರ ಪರ ಎಂಬ ಭಯ ಮಡುಗಟ್ಟಿತ್ತು. ತೆರೆಯಿಲ್ಲದೆಯೂ ಆ ಭಯ ಇರುತ್ತಿತ್ತು. ತೆರೆ ಅದಕ್ಕೆ ಒಂದು ಜಾಗ, ಒಂದು ದಿನಾಂಕ ಕೊಟ್ಟಿತು.

ಭದ್ರತೆಯ ಹೆಸರಿನಲ್ಲಿ ಮಾಡಿದ ಬದಲಾವಣೆಯೂ ಹೀಗೇ. 2017ರ ಜುಲೈ 14ರಂದು ಅದೇ ದಿಬ್ಬದ ಮೇಲಿನ ಅಲ್-ಅಕ್ಸಾ ಮಸೀದಿಯ ಆವರಣದ ಬಳಿ ಇಬ್ಬರು ಪೊಲೀಸರ ಕೊಲೆಯಾದ ಮೇಲೆ ಇಸ್ರೇಲ್ ಬಾಗಿಲುಗಳಲ್ಲಿ ಲೋಹಶೋಧಕ ಯಂತ್ರ ನಿಲ್ಲಿಸಿತು. ವಿಮಾನ ನಿಲ್ದಾಣದಲ್ಲಿ ಯಾರೂ ಗೊಣಗದ ಯಂತ್ರ. ಇಲ್ಲಿ ಅದು ‘ಬಾಗಿಲು ಯಾರದು’ ಎಂಬ ಪ್ರಶ್ನೆಗೆ ಒಂದು ಪಕ್ಷ ಏಕಾಏಕಿ ಬರೆದ ಉತ್ತರವಾಯಿತು. ಜನ ಒಳಗೆ ಹೋಗದೆ ಬೀದಿಯಲ್ಲೇ ನಮಾಜು ಮಾಡಿದರು, ಸಾವುಗಳಾದವು. ಎರಡು ವಾರದೊಳಗೆ ಯಂತ್ರಗಳನ್ನು ತೆಗೆಯಬೇಕಾಯಿತು. ವಕ್ಫ್ ಜೊತೆಗೂ ಅದರ ಬೆನ್ನಿಗಿರುವ ಜೋರ್ಡಾನ್ ಜೊತೆಗೂ ಮೊದಲೇ ಮಾತಾಡಿದ್ದರೆ ಬೇರೆ ದಾರಿ ಸಿಗುತ್ತಿತ್ತೆಂದು ನನ್ನ ಅನಿಸಿಕೆ. ಇನ್ನು ಪಂಚಾಂಗಗಳ ಘರ್ಷಣೆ: ಇಸ್ಲಾಮಿಕ್ ತಿಂಗಳುಗಳು ವರ್ಷ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುವುದರಿಂದ ಆಗಾಗ ಎರಡು ಧರ್ಮಗಳ ದೊಡ್ಡ ದಿನಗಳು ಒಂದರ ಮೇಲೊಂದು ಬರುತ್ತವೆ. 2019ರ ಆಗಸ್ಟ್ 11ರಂದು ಬಕ್ರೀದ್ ಮತ್ತು ಯಹೂದಿಗಳ ಶೋಕದಿನ ತಿಶಾ ಬ’ಆವ್, 2022ರ ಏಪ್ರಿಲ್‌ನಲ್ಲಿ ರಂಜಾನ್, ಯಹೂದಿಗಳ ಪಾಸೋವರ್ ಹಬ್ಬ, ಈಸ್ಟರ್ ಕೂಡಿಬಂದವು. ಎರಡು ಸಲವೂ ಅಲ್ಲಿ ಘರ್ಷಣೆಯಾಯಿತು. ಈ ದಿನಾಂಕಗಳು ವರ್ಷಗಳ ಮೊದಲೇ ಗೊತ್ತಿರುತ್ತವೆ, ಅದೇ ಬೇಸರದ ಸಂಗತಿ.

2000ದ ಸೆಪ್ಟೆಂಬರ್ 28ರಂದು ಇಸ್ರೇಲಿನ ಆಗಿನ ವಿರೋಧ ಪಕ್ಷದ ನಾಯಕ ಏರಿಯಲ್ ಶರೋನ್ ನೂರಾರು ಪೊಲೀಸರೊಂದಿಗೆ ಆ ದಿಬ್ಬಕ್ಕೆ ಭೇಟಿ ಕೊಟ್ಟದ್ದನ್ನು ಪ್ಯಾಲೆಸ್ಟೀನಿಯರ ದಂಗೆಯಾದ ಎರಡನೇ ಇಂತಿಫಾದದ ಕಾರಣ ಎಂದು ಹೇಳುವ ರೂಢಿ ಇದೆ. ಅಮೆರಿಕದ ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ ನೇತೃತ್ವದ ಅಂತರರಾಷ್ಟ್ರೀಯ ತನಿಖಾ ಸಮಿತಿ ಹೆಚ್ಚು ನಾಜೂಕಾಗಿ ಹೇಳಿತು: ಭೇಟಿ ಇಂತಿಫಾದಕ್ಕೆ ಕಾರಣವಲ್ಲ, ಆದರೆ ಹೊತ್ತು ಕೆಟ್ಟದಿತ್ತು, ಕೆರಳಿಸುತ್ತದೆಂದು ಮೊದಲೇ ಗೊತ್ತಾಗಬೇಕಿತ್ತು, ಅದಕ್ಕಿಂತ ಮುಖ್ಯವಾದದ್ದು ಮರುದಿನ ಪ್ರತಿಭಟನಾಕಾರರ ಮೇಲೆ ಪೊಲೀಸರು ಪ್ರಾಣಾಂತಕ ಬಲ ಬಳಸಿದ್ದು. ಪವಿತ್ರ ಸ್ಥಳದ ಹಿಂಸೆಯ ಸುದ್ದಿಗಳಲ್ಲಿ ಮೊದಲ ದಿನಕ್ಕಿಂತ ಎರಡನೇ ದಿನವನ್ನು ಹೆಚ್ಚು ಜಾಗ್ರತೆಯಿಂದ ಓದಬೇಕೆಂದು ನಾನು ಹೇಳುವುದು ಇದಕ್ಕೇ.

ಸರ್ಕಾರ ಹೇಗೆ ನಡೆದುಕೊಳ್ಳುತ್ತದೆ ಎಂಬುದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ಅಳೆಯಲು ಅಮೃತಸರವನ್ನು ನೋಡಿ: ಅದೇ ಜಾಗ, ಬಹುಮಟ್ಟಿಗೆ ಅದೇ ಸಮಸ್ಯೆ, ನಾಲ್ಕು ವರ್ಷದ ಅಂತರ. 1984ರ ಜೂನ್ ಮೊದಲ ವಾರ, ಗುರು ಅರ್ಜನ್ ದೇವ್ ಹುತಾತ್ಮ ದಿನದ ಯಾತ್ರಿಕರು ಒಳಗಿರುವಾಗಲೇ, ಅಲ್ಲಿ ನೆಲೆಯೂರಿದ್ದ ಸಿಖ್ ಉಗ್ರರನ್ನು ಹೊರಹಾಕಲು ಸೈನ್ಯ ಹರಮಂದಿರ ಸಾಹಿಬ್ (ಸ್ವರ್ಣಮಂದಿರ) ಆವರಣಕ್ಕೆ ನುಗ್ಗಿತು. ಟ್ಯಾಂಕ್ ಬಳಕೆಯಾಯಿತು, ಸಿಖ್ಖರ ಪರಮೋಚ್ಚ ಧರ್ಮಪೀಠವಾದ ಅಕಾಲ್ ತಖ್ತ್ ಛಿದ್ರವಾಯಿತು, ಪತ್ರಕರ್ತರನ್ನು ಪಂಜಾಬಿನಿಂದಲೇ ಹೊರಗಿಡಲಾಗಿತ್ತು. ಉಗ್ರರನ್ನು ವಿರೋಧಿಸುತ್ತಿದ್ದ ಸಿಖ್ಖರ ಮನಸ್ಸಿಗೂ ಗಾಯವಾಯಿತು. ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಹತ್ಯೆ, ಅದರ ಬೆನ್ನಿಗೆ ದೆಹಲಿಯಲ್ಲಿ ಸಿಖ್ಖರ ನರಮೇಧ. ಸರ್ಕಾರ ಅಕಾಲ್ ತಖ್ತನ್ನು ರಿಪೇರಿ ಮಾಡಿಸಿಕೊಟ್ಟರೆ ಸಿಖ್ಖರು 1986ರಲ್ಲಿ ಅದನ್ನು ಕೆಡವಿ ತಮ್ಮ ಕೈಯಾರೆ ಮತ್ತೆ ಕಟ್ಟಲು ತೊಡಗಿದರು. ದುರಸ್ತಿಯೆಂದರೆ ಒಡೆತನ ಎಂದೆನಲ್ಲ, ಇಲ್ಲೂ ಅದೇ. 1988ರ ಮೇ ತಿಂಗಳಲ್ಲಿ ಉಗ್ರರು ಮತ್ತೆ ಒಳಸೇರಿದಾಗ ಸರ್ಕಾರ ಆವರಣದೊಳಕ್ಕೆ ನುಗ್ಗುವ ಆತುರ ತೋರಲಿಲ್ಲ. ಸುತ್ತುವರಿದು, ನೀರು ವಿದ್ಯುತ್ ಕಡಿದು, ದೂರದಿಂದ ಗುರಿಕಾರರನ್ನು ಇಟ್ಟು, ಪತ್ರಕರ್ತರು ನೋಡುವಂತೆ ಕಾರ್ಯಾಚರಣೆ ನಡೆಸಿದರು. ಮೇ 18ರ ಹೊತ್ತಿಗೆ ಸುಮಾರು 200 ಜನ ಶರಣಾದರು, ಪವಿತ್ರ ಕಟ್ಟಡಗಳಿಗೆ ದೊಡ್ಡ ಹಾನಿ ಆಗಲಿಲ್ಲ. ಒಳಗಿದ್ದವರೇ ಆವರಣವನ್ನು ಹೇಗೆ ಬಳಸಿಕೊಂಡಿದ್ದರು ಎಂಬುದನ್ನು ಜನ ಕಂಡದ್ದರಿಂದ ಉಗ್ರರ ಮರ್ಯಾದೆ ಇಳಿಯಿತು.

ಎರಡು ಧರ್ಮಗಳಿರಬೇಕೆಂದೂ ಇಲ್ಲ. 1979ರ ನವೆಂಬರ್ 20ರಂದು ಮೆಕ್ಕಾದ ಮಹಾಮಸೀದಿಯನ್ನು ಶಸ್ತ್ರ ಹಿಡಿದು ವಶಪಡಿಸಿಕೊಂಡವರು ಮುಸ್ಲಿಮರೇ. ಒಳಗೆ ಬಲ ಬಳಸಲು ಸೌದಿ ಅರಸರು ಮೊದಲು ಧರ್ಮಪಂಡಿತರಾದ ಉಲೇಮಾಗಳಿಂದ ಫತ್ವಾ ಪಡೆಯಬೇಕಾಯಿತು. 1987ರ ಹಜ್‌ನಲ್ಲಿ ಇರಾನಿ ಯಾತ್ರಿಕರ ರಾಜಕೀಯ ಮೆರವಣಿಗೆ ಸೌದಿ ಪೊಲೀಸರೊಂದಿಗಿನ ಘರ್ಷಣೆಯಾಗಿ 400ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಇಸ್ಲಾಮಿಕ್ ದೇಶಗಳ ಸಂಘಟನೆ ಪ್ರತಿ ಸಾವಿರ ಮುಸ್ಲಿಮರಿಗೆ ಒಬ್ಬ ಯಾತ್ರಿಕ ಎಂಬ ಕೋಟಾ ತಂದಿತು. ಪ್ರತಿಭಟಿಸಿ ಮೂರು ವರ್ಷ ಗೈರುಹಾಜರಾಗಿದ್ದ ಇರಾನ್ 1991ರಲ್ಲಿ ಮರಳಿತು. ಇವತ್ತು ಪ್ರತಿ ದೇಶದ ಹಜ್ ಸಂಖ್ಯೆ ನಿಗದಿಯಾಗುವುದು ಆ ಸೂತ್ರದ ಆಧಾರದಲ್ಲೇ.

ಸುದ್ದಿಯಾಗದ ಜಾಗಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಪ್ರಶ್ನೆಗೆ ಉತ್ತರ ಪೂರ್ತಿಯಾಗುವುದಿಲ್ಲ. ಶ್ರೀಲಂಕಾದ ಶ್ರೀಪಾದ ಬೆಟ್ಟದ ತುದಿಯ ಹೆಜ್ಜೆಗುರುತು ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೂ ಕ್ರೈಸ್ತರಿಗೂ ಆದಮನದು. ಅದೇ ದ್ವೀಪದಲ್ಲಿ 1983ರಿಂದ 2009ರವರೆಗೆ ಅಂತರ್ಯುದ್ಧ ನಡೆದರೂ ಆ ಬೆಟ್ಟ ರಣರಂಗವಾಗಲಿಲ್ಲ. ಲಾಹೋರಿನ ಶಹೀದ್‌ಗಂಜ್‌ನಲ್ಲಿ ಸಿಖ್ಖರ ಸ್ವಾಧೀನದಲ್ಲಿದ್ದ ಮಸೀದಿ ಕಟ್ಟಡ 1935ರಲ್ಲಿ ಕೆಡವಲ್ಪಟ್ಟು ದೊಡ್ಡ ಗಲಭೆಯಾಯಿತು. ಕಾಲಮಿತಿ ಮೀರಿದೆ ಎಂದು 1940ರಲ್ಲಿ ಬ್ರಿಟಿಷ್ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ ಮುಸ್ಲಿಮರ ಮೇಲ್ಮನವಿಯನ್ನು ತಳ್ಳಿಹಾಕಿತು. ಏಳು ವರ್ಷದ ನಂತರ ಲಾಹೋರ್ ಪಾಕಿಸ್ತಾನಕ್ಕೆ ಸೇರಿತು. ಅಲ್ಲಿ ಇವತ್ತೂ ಇರುವುದು ಗುರುದ್ವಾರವೇ. ಕರ್ತಾರ್‌ಪುರ ಕಾರಿಡಾರ್ (ಪಾಕಿಸ್ತಾನದಲ್ಲಿರುವ ಗುರುದ್ವಾರಕ್ಕೆ ಭಾರತದ ಯಾತ್ರಿಕರು ಹೋಗುವ ದಾರಿ) 2019ರ ನವೆಂಬರ್ 9ರಂದು ತೆರೆದಾಗ ಭಾರತ ಪಾಕಿಸ್ತಾನಗಳ ಸಂಬಂಧ ಪಾತಾಳದಲ್ಲಿತ್ತು. ಆದರೂ ವೀಸಾ ಇಲ್ಲದೆ ದಿನಕ್ಕೆ 5,000 ಯಾತ್ರಿಕರವರೆಗೆ, ತಲೆಗೆ 20 ಡಾಲರ್ ಶುಲ್ಕದ ಮೇಲೆ, ಬೆಳಗ್ಗೆ ಹೋಗಿ ಸಂಜೆ ಬರುವ ವ್ಯವಸ್ಥೆಗೆ ಎರಡೂ ದೇಶ ಸಹಿ ಹಾಕಿದವು. ಅದೇ ದಿನ ಅಯೋಧ್ಯೆಯ ಅಂತಿಮ ತೀರ್ಪೂ ಬಂತು, ಕಾಕತಾಳೀಯ.

ಮುಂದಿನ ಸಲ ಇಂಥ ಸುದ್ದಿ ಓದುವಾಗ ಏನು ಹುಡುಕಬೇಕು? ಕಳೆದ ಆರು ತಿಂಗಳಲ್ಲಿ ಆ ಜಾಗದ ಬಾಗಿಲು, ವೇಳಾಪಟ್ಟಿ, ದುರಸ್ತಿ, ಕಾವಲು, ಇವುಗಳಲ್ಲಿ ಏನಾದರೂ ಏಕಪಕ್ಷೀಯವಾಗಿ ಬದಲಾಗಿದೆಯೇ ನೋಡಿ. ಚುನಾವಣೆ ಎಷ್ಟು ದೂರವಿದೆ ನೋಡಿ. ಕೂಗುತ್ತಿರುವ ನಾಯಕನಿಗೆ ಎದುರಾಳಿ ಇರುವುದು ಇನ್ನೊಂದು ಧರ್ಮದಲ್ಲೋ, ತನ್ನದೇ ಪಾಳೆಯದಲ್ಲೋ ಎಂದು ಕೇಳಿ. ಎಷ್ಟೋ ಸಲ ಅವನು ಸೋಲಿಸಬೇಕಿರುವುದು ತನ್ನ ಪಕ್ಕದವನನ್ನೇ, ‘ನಾನು ಹೆಚ್ಚು ನಿಷ್ಠ’ ಎಂದು ತೋರಿಸಲು. ಬೇಡಿಕೆ ಆ ಜಾಗದ್ದೇ, ಅಥವಾ ಜಾಗದ ಹೆಸರಿನಲ್ಲಿ ಮೀಸಲಾತಿ, ಗಡಿ, ಪೌರತ್ವದಂಥ ಬೇರೆಯದೇ ಎಂದು ಬೇರ್ಪಡಿಸಿ. ಬೇರೆಯದಾದರೆ ಆ ಬೇರೆಯದರಲ್ಲಿ ಸಂಧಾನ ಸಾಧ್ಯ. ಜಾಗದ್ದೇ ಆದರೆ ಒಡೆತನದ ಮಾತನ್ನು ಪಕ್ಕಕ್ಕಿಟ್ಟು ಬಳಕೆಯ ಮಾತಾಡುವವರು ಸಾಮಾನ್ಯವಾಗಿ ಹೆಚ್ಚು ದೂರ ಹೋಗುತ್ತಾರೆ. ಉತ್ತರ ಐರ್ಲೆಂಡಿನ ಮೆರವಣಿಗೆ ಆಯೋಗ ಮಾಡುವುದು ಇದನ್ನೇ: 1998ರ ಕಾಯ್ದೆಯಂತೆ ಮೆರವಣಿಗೆಗೆ 28 ದಿನ ಮೊದಲು ಸೂಚನೆ ಕೊಡಬೇಕು, ದಾರಿ ಮತ್ತು ಹೊತ್ತನ್ನು ಆಯೋಗ ನಿರ್ಬಂಧಿಸಬಹುದು. ಡ್ರಮ್‌ಕ್ರೀಯಲ್ಲಿ ಪ್ರಾಟೆಸ್ಟೆಂಟರ ಆರೆಂಜ್ ಸಂಘದವರಿಗೆ ಕ್ಯಾಥೊಲಿಕರು ವಾಸಿಸುವ ಗಾರ್ವಾಗಿ ರಸ್ತೆಯಲ್ಲಿ ಹಿಂದಿರುಗಲು ಅಂದಿನಿಂದ ಅನುಮತಿ ಸಿಕ್ಕಿಲ್ಲ. ಅವರು ಒಪ್ಪಿಲ್ಲ, ಆದರೆ ಮೆರವಣಿಗೆಗಳ ಜುಲೈ ತಿಂಗಳು ಮೊದಲಿನಂತೆ ಹೊತ್ತಿ ಉರಿಯುವುದಿಲ್ಲ.

ಇನ್ನು ಮ್ಯೂಸಿಯಂ ಮತ್ತು ವಿಶ್ವಸಂಸ್ಥೆ. ಎರಡನ್ನೂ ಪ್ರಯತ್ನಿಸಿಯಾಗಿದೆ. ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾ 537ರಲ್ಲಿ ಚರ್ಚು, 1453ರಿಂದ ಮಸೀದಿ; 1934ರ ಸಂಪುಟ ನಿರ್ಣಯದಿಂದ ಮ್ಯೂಸಿಯಂ ಆಯಿತು. 2020ರ ಜುಲೈ 10ರಂದು ತುರ್ಕಿಯ ಉನ್ನತ ಆಡಳಿತ ನ್ಯಾಯಾಲಯ ಆ ನಿರ್ಣಯವನ್ನು ರದ್ದು ಮಾಡಿತು, ಅದೇ ದಿನ ಅಧ್ಯಕ್ಷ ಎರ್ಡೊಗಾನ್ ಸಹಿ ಹಾಕಿದರು, ಜುಲೈ 24ಕ್ಕೆ ನಮಾಜು. ಮ್ಯೂಸಿಯಂ ಎಂದರೆ ಯಾರದ್ದೂ ಅಲ್ಲದ ಜಾಗವಲ್ಲ, ಸರ್ಕಾರದ ಜಾಗ. ಸರ್ಕಾರದ ಮನಸ್ಸು ಬದಲಾದರೆ ತಡೆಯುವವರಿಲ್ಲ. ಜೆರುಸಲೆಂ ಅನ್ನು ಅಂತರರಾಷ್ಟ್ರೀಯ ಆಡಳಿತಕ್ಕೆ ಒಪ್ಪಿಸಬೇಕೆಂದು ವಿಶ್ವಸಂಸ್ಥೆ 1947ರ ನವೆಂಬರ್ 29ರ ನಿರ್ಣಯದಲ್ಲೇ ಹೇಳಿತ್ತು. ಜಾರಿಗೆ ತರಲು ಅಲ್ಲಿ ಅದರ ಕೈಯಲ್ಲಿ ಪೊಲೀಸರಿರಲಿಲ್ಲ. ಇಸ್ರೇಲ್ ಮತ್ತು ಜೋರ್ಡಾನ್ ನಗರವನ್ನು ಸೀಳಿಕೊಂಡವು. 1949ರ ಕದನವಿರಾಮ ಒಪ್ಪಂದದಲ್ಲಿ ಪವಿತ್ರ ಸ್ಥಳಗಳಿಗೆ ಹೋಗಿಬರುವ ಏರ್ಪಾಡು ಮಾಡುವ ಮಾತಿತ್ತು, ಆದರೂ 1967ರವರೆಗೆ ಇಸ್ರೇಲಿ ಯಹೂದಿಗಳಿಗೆ ಪಶ್ಚಿಮ ಗೋಡೆಗೆ ಪ್ರವೇಶ ಸಿಗಲಿಲ್ಲ.

ಇರುವುದನ್ನು ಇದ್ದಂತೆ ಹೆಪ್ಪುಗಟ್ಟಿಸುವ ಭಾರತದ ದಾರಿ ಮೂರನೆಯದು. 1991ರ ಪೂಜಾ ಸ್ಥಳಗಳ ಕಾಯ್ದೆ 1947ರ ಆಗಸ್ಟ್ 15ರಂದು ಯಾವ ಜಾಗದ ಸ್ವರೂಪ ಹೇಗಿತ್ತೋ ಹಾಗೇ ಇರಲಿ ಎನ್ನುತ್ತದೆ, ಅಯೋಧ್ಯೆಯನ್ನು ಮಾತ್ರ ಹೊರಗಿಟ್ಟಿದೆ. 2019ರ ತೀರ್ಪಿನಲ್ಲಿ 2.77 ಎಕರೆಯನ್ನು ದೇವಾಲಯಕ್ಕೂ ಬೇರೆಡೆ 5 ಎಕರೆಯನ್ನು ಸುನ್ನಿ ವಕ್ಫ್ ಮಂಡಳಿಗೂ ಕೊಟ್ಟ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಮೆಚ್ಚಿಯೇ ಮಾತಾಡಿತ್ತು. ಆದರೆ ‘ಸ್ವರೂಪ ಬದಲಿಸಬಾರದು, ಸ್ವರೂಪ ಯಾವುದೆಂದು ಪರಿಶೀಲಿಸಬಹುದಲ್ಲ’ ಎಂಬ ವಾದದ ಮೇಲೆ ವಾರಾಣಸಿಯ ಜ್ಞಾನವಾಪಿಯಿಂದ ಹಿಡಿದು ಹಲವು ಕಡೆ ಸರ್ವೆಗಳು ಶುರುವಾದವು. 2024ರ ಡಿಸೆಂಬರ್ 12ರಂದು ಕೋರ್ಟು ಹೊಸ ದಾವೆ ನೋಂದಾಯಿಸದಂತೆ, ಸರ್ವೆಗೆ ಆದೇಶ ಕೊಡದಂತೆ ಕೆಳ ನ್ಯಾಯಾಲಯಗಳನ್ನು ತಡೆಯಬೇಕಾಯಿತು. ಹೆಪ್ಪುಗಟ್ಟಿಸುವ ಕಾಯ್ದೆಯಲ್ಲಿ ಬಿರುಕು ಬಿಡುವುದು ಇಂಥ ಸಣ್ಣ ಕ್ರಿಯಾಪದಗಳ ಸಂದಿಯಲ್ಲಿ.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ, ಬರೀ ಹಸ್ತಾಂತರದಿಂದ ನಿಲ್ಲುವುದಿಲ್ಲ. ಯಾವ ಹೊರಗಿನವರಿಗೆ ಕೊಟ್ಟರೂ ಅವರಿಗೆ ಮೂರು ಸಾಮರ್ಥ್ಯ ಬೇಕು: ದಿನನಿತ್ಯದ ಸಿಬ್ಬಂದಿಗೆ ಸಂಬಳ ಕೊಡಬಲ್ಲವರಾಗಿರಬೇಕು, ನಿಯಮ ಮುರಿದವರಿಗೆ ನಷ್ಟ ಮಾಡಬಲ್ಲವರಾಗಿರಬೇಕು, ಎರಡೂ ಪಕ್ಷ ಕರೆದರೆ ಅದೇ ದಿನ ಫೋನ್ ಎತ್ತಿಕೊಳ್ಳುವವರಾಗಿರಬೇಕು. ಅಲ್-ಅಕ್ಸಾದಲ್ಲಿ ಜೋರ್ಡಾನ್ ಇದನ್ನು ಅರೆಬರೆಯಾಗಿ ಮಾಡುತ್ತಿದೆ. ವಕ್ಫ್ ಸಿಬ್ಬಂದಿಯ ಸಂಬಳ ಅಮ್ಮಾನ್‌ನಿಂದ ಬರುತ್ತದೆ, 1994ರ ಶಾಂತಿ ಒಪ್ಪಂದದ 9ನೇ ವಿಧಿ ಅದರ ವಿಶೇಷ ಪಾತ್ರವನ್ನು ಇಸ್ರೇಲ್ ಒಪ್ಪಿದೆ ಎನ್ನುತ್ತದೆ. ಕಾವಲಿನ ಅಧಿಕಾರ ಮಾತ್ರ ಇಸ್ರೇಲಿ ಪೊಲೀಸರದು, ಘರ್ಷಣೆಗಳು ಶುರುವಾಗುವುದೂ ಹೆಚ್ಚಾಗಿ ಆ ಬಾಗಿಲುಗಳಲ್ಲೇ.